ನೆಂಚಿಕೊಳ್ಳೋಕೆ ಏನಿದೆ?

ಕರೆಂಟು, ಅಂಗಡಿ ಇಲ್ಲದ ದಿನಗಳಿಗೆ ಮನೆಯಲ್ಲಿ ಕೂಡಿಡುವ ಸಾಸು, ಮಸಾಲೆಗಳ ಬಗ್ಗೆ ಇದು ಮೊದಲು ಬಾಯಲ್ಲಿ ಹೇಳಿದ್ದು, ಆಮೇಲೆ ಬರೆದದ್ದು. ಹೇಳುವಾಗ ನನ್ನ ಮುಂದೆ ಮೇಜಿನ ಮೇಲೆ ಹದಿನಾಲ್ಕು ಬಾಟಲಿ, ಎರಡು ಬಟ್ಟಲು, ಒಂದು ಫ್ಲಾಸ್ಕ್ ಬಿಸಿನೀರು ಇದ್ದವು. ಓದುವವರಿಗೆ ಆ ಅನುಕೂಲ ಇಲ್ಲ. ಹಾಗಾಗಿ ಕೆಲವು ಕಡೆ ಸ್ವಲ್ಪ ಜಾಸ್ತಿಯೇ ವಿವರಿಸಿದ್ದೇನೆ. ಮಿಕ್ಕಂತೆ ಮಾತು ಹೇಗಿತ್ತೋ ಹಾಗೇ ಇದೆ.

ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಇದೆ. ಈ ಡಬ್ಬಿಯಲ್ಲಿರುವುದು ಸಾಸಿವೆ ಪುಡಿ, ಬೇರೇನೂ ಸೇರಿಸಿಲ್ಲ. ಮೂಸಿ ನೋಡಿ, ಏನೂ ವಾಸನೆ ಬರಲ್ಲ, ಅಲ್ವಾ? ಎರಡೂ ಬಟ್ಟಲಿಗೆ ಎರಡೆರಡು ಚಮಚ ಹಾಕಿದ್ದೇನೆ. ಎಡಗಡೆಯದಕ್ಕೆ ತಣ್ಣೀರು, ಬಲಗಡೆಯದಕ್ಕೆ ಈಗಷ್ಟೇ ಕುದಿಸಿ ತಂದ ನೀರು. ಗಟ್ಟಿಯಾಗಿ ಕಲಸಿ ಪಕ್ಕಕ್ಕೆ ಇಡುತ್ತೇನೆ. ಹತ್ತು ನಿಮಿಷ ಬಿಟ್ಟು ನನಗೆ ಯಾರಾದರೂ ನೆನಪಿಸಿ.

ಈಗ ಕೈ ಎತ್ತಿ. ಮನೆಯಲ್ಲಿ ಎರಡು ವಾರಕ್ಕೆ ಸಾಲುವಷ್ಟು ಅಕ್ಕಿಯೋ ಗೋಧಿಯೋ ಪಾಸ್ತಾವೋ ಇರುವವರು ಎಷ್ಟು ಜನ? ಬಹಳ ಜನ ಇದ್ದೀರಿ, ಸಂತೋಷ. ಕಾಳು? ಪರವಾಗಿಲ್ಲ. ಸರಿ, ಇದನ್ನೆಲ್ಲ ಫ್ರಿಜ್ ಇಲ್ಲದೆ ಎರಡು ವಾರ ದಿನಕ್ಕೆ ಎರಡು ಹೊತ್ತು ತಿನ್ನಬೇಕು, ಬೇಜಾರಿಲ್ಲದೆ ತಿನ್ನಬೇಕು. ಅದಕ್ಕೆ ಏನಿಟ್ಟುಕೊಂಡಿದ್ದೀರಿ? ಕೈ ಕೆಳಗೆ ಬಂದವು. ನಾನೂ ಹೀಗೇ ಇದ್ದೆ.

ಕೆಲವು ವರ್ಷದ ಹಿಂದೆ ಬಿರುಗಾಳಿಗೆ ನಮ್ಮ ಕಡೆ ಐದು ದಿನ ಕರೆಂಟ್ ಇರಲಿಲ್ಲ. ರಸ್ತೆ ಬಂದ್, ಅಂಗಡಿ ಬಂದ್. ನನಗೆ ಒಳಗೊಳಗೇ ಸ್ವಲ್ಪ ಜಂಬ, ಯಾಕಂದರೆ ಮನೆಯಲ್ಲಿ ಅಕ್ಕಿ ಮೂಟೆ, ಕಾಳಿನ ಡಬ್ಬಿ ಎಲ್ಲ ತುಂಬಿದ್ದವು. ಮೊದಲ ದಿನ ಅನ್ನ, ಬೇಯಿಸಿದ ಕಾಳು. ಎರಡನೇ ದಿನವೂ ಅದೇ. ಮೂರನೇ ದಿನ ಮಧ್ಯಾಹ್ನ ಮಗ ತಟ್ಟೆ ದೂಡಿ ಕೇಳಿದ: "ನೆಂಚಿಕೊಳ್ಳೋಕೆ ಏನಿದೆ?" ನಾನು ಎದ್ದು ಹೋಗಿ ಫ್ರಿಜ್ ತೆಗೆದೆ. ಒಳಗೆ ದೊಡ್ಡ ಮಯೋನೀಸ್ ಭರಣಿ, ಅರ್ಧ ಖಾಲಿಯಾದ ಪಾಸ್ತಾ ಸಾಸು, ತೆರೆದ ಟೊಮೇಟೊ ಪೇಸ್ಟಿನ ಡಬ್ಬಿ. ಎಲ್ಲ ಬೆಚ್ಚಗಿದ್ದವು. ಎಲ್ಲ ಎಸೆದೆ. ಜಾಸ್ತಿ ಸಿಗುತ್ತದೆ ಅಂತ ದೊಡ್ಡ ದೊಡ್ಡ ಬಾಟಲಿ ತಂದಿದ್ದು ನಾನೇ. ಕಡೆಗೆ ಡ್ರಾಯರಿನ ಮೂಲೆಯಲ್ಲಿ, ಯಾವಾಗಲೋ ಹೊರಗಿಂದ ಊಟ ತರಿಸಿದಾಗ ಉಳಿದ ಕೆಚಪ್ಪಿನ ಪುಟ್ಟ ಪೊಟ್ಟಣಗಳು ಸಿಕ್ಕವು, ಹನ್ನೊಂದು ಇದ್ದವು, ಎಣಿಸಿದ್ದೇನೆ. ಹಂಚಿಕೊಂಡು ತಿಂದೆವು.

ರುಚಿ ಅನ್ನುವುದು ಶೋಕಿ ಅಂತ ನಾವು ಅಂದುಕೊಂಡಿದ್ದೇವೆ. ಸೈನ್ಯದವರು ಹಾಗೆ ಅಂದುಕೊಂಡಿಲ್ಲ. ಅಮೆರಿಕದ ಸೈನಿಕರಿಗೆ 1980ರ ದಶಕದಿಂದ ಕೊಡುವ ಎಂಆರ್‌ಇ ಅನ್ನುವ ಊಟದ ಪೊಟ್ಟಣದಲ್ಲಿ ಮುಖ್ಯ ಊಟದ ಜೊತೆ ಉಪ್ಪು, ಸಕ್ಕರೆಯಂಥವುಗಳ ಸಣ್ಣ ಚೀಲವೇ ಬೇರೆ ಇರುತ್ತದೆ, ಹೆಬ್ಬೆರಳಿನಷ್ಟೂ ಇಲ್ಲದ ಖಾರದ ಸಾಸಿನ ಗಾಜಿನ ಬಾಟಲಿಯನ್ನೂ ಬಹಳ ಕಾಲ ಅದರೊಳಗೆ ಇಡುತ್ತಿದ್ದರು. ಒಂದೊಂದು ಗ್ರಾಂ ಲೆಕ್ಕ ಹಾಕಿ ಹೊರುವವರು ಗಾಜಿನ ಬಾಟಲಿ ಹೊರುತ್ತಿದ್ದರು ಅಂದರೆ ಅದಕ್ಕೆ ಕಾರಣ ಇದೆ. ಒಂದೇ ಊಟ ಮತ್ತೆ ಮತ್ತೆ ಬಂದರೆ ಮನುಷ್ಯ ಹಸಿವಿದ್ದರೂ ಕಡಿಮೆ ತಿನ್ನುತ್ತಾನೆ. ಮಕ್ಕಳು, ವಯಸ್ಸಾದವರು ಇನ್ನೂ ಕಡಿಮೆ. ಬಾಹ್ಯಾಕಾಶದಲ್ಲೂ ಇದೇ ಕಥೆ. ಅಲ್ಲಿ ದೇಹದ ದ್ರವ ತಲೆ ಕಡೆಗೆ ಏರಿ ಮೂಗು ಕಟ್ಟಿದ ಹಾಗಾಗುತ್ತದೆ, ರುಚಿ ಮಂಕಾಗುತ್ತದೆ, ಆಗ ಖಾರದ ಸಾಸಿಗೆ ಬೇಡಿಕೆ. ಉಪ್ಪನ್ನು ನೀರಲ್ಲಿ ಕರಗಿಸಿ, ಕಾಳುಮೆಣಸಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ನಾಸಾದವರು ಕಳಿಸುತ್ತಾರೆ. ಪುಡಿ ಉದುರಿಸಿದರೆ ತಟ್ಟೆಗೆ ಬೀಳುವ ಬದಲು ಕಣ್ಣಿಗೆ ಹೋಗುತ್ತದೆ!

ಸರಿ, ವಿಷಯಕ್ಕೆ ಬರೋಣ. ಇವತ್ತು ನಾನು ಹೇಳಬೇಕಾದ್ದು ಒಂದೇ. "ಹೊರಗಿಟ್ಟರೂ ಕೆಡಲ್ಲ" ಅನ್ನುವ ಭರವಸೆ ಮುಚ್ಚಿದ ಬಾಟಲಿಗೆ ಮಾತ್ರ. ಮುಚ್ಚಳ ತಿರುಗಿಸಿದಿರೋ, ಆ ಭರವಸೆ ಅಲ್ಲಿಗೆ ಮುಗಿಯಿತು. ಲೇಬಲ್ಲಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ತೆರೆದ ಮೇಲೆ ಫ್ರಿಜ್‌ನಲ್ಲಿಡಿ" ಅಂತ ಬರೆದಿರುತ್ತಾರೆ. ಆದರೆ ನಾವು ತಯಾರಿ ಮಾಡುತ್ತಿರುವುದೇ ಫ್ರಿಜ್ ಇಲ್ಲದ ದಿನಗಳಿಗೆ. ಹಾಗಾಗಿ ಬಾಟಲಿ ಕೈಗೆತ್ತಿಕೊಂಡಾಗ ಎಷ್ಟು ವರ್ಷ ಬಾಳುತ್ತದೆ ಅಂತ ಕೇಳಬೇಡಿ. ತೆರೆದ ಮೇಲೆ ಎಷ್ಟು ದಿನ ಅಂತ ಕೇಳಿ.

ಒಂದು ವಸ್ತು ಯಾಕೆ ಕೆಡುತ್ತದೆ, ಯಾಕೆ ಕೆಡಲ್ಲ? ಸೂಕ್ಷ್ಮಜೀವಿಗಳಿಗೆ ಬದುಕಲು ನೀರು ಬೇಕು, ಹುಳಿ ಕಡಿಮೆ ಇರಬೇಕು. ಈ ಎರಡರಲ್ಲಿ ಒಂದನ್ನು ಕಸಿದುಕೊಂಡರೆ ಅವುಗಳ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಹುಳಿ ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ, ಅಂದರೆ ನರಗಳಿಗೆ ಪೆಟ್ಟು ಕೊಟ್ಟು ಪ್ರಾಣಕ್ಕೇ ಕುತ್ತು ತರಬಲ್ಲ ಆಹಾರದ ವಿಷಬಾಧೆ, ತರುವ ಬ್ಯಾಕ್ಟೀರಿಯಾ ಬೆಳೆಯಲಾರದು. ಕೆಚಪ್ ಸುಮಾರು 3.9, ವಿನೆಗರ್ ಅದಕ್ಕಿಂತ ಎಷ್ಟೋ ಕೆಳಗೆ. ಇನ್ನು ನೀರು. ಇಲ್ಲಿ ಎಷ್ಟು ನೀರಿದೆ ಅನ್ನುವುದಕ್ಕಿಂತ ಆ ನೀರು ಸೂಕ್ಷ್ಮಜೀವಿಯ ಕೈಗೆ ಸಿಗುತ್ತದಾ ಅನ್ನುವುದು ಮುಖ್ಯ. ಉಪ್ಪು, ಸಕ್ಕರೆ ಎರಡೂ ನೀರನ್ನು ಹಿಡಿದಿಟ್ಟುಕೊಂಡು ಬಿಟ್ಟುಕೊಡಲ್ಲ. ಶುದ್ಧ ನೀರಿಗೆ 1 ಅಂತ ಅಂಕ ಕೊಟ್ಟರೆ, 0.85ಕ್ಕಿಂತ ಕೆಳಗೆ ರೋಗ ತರುವ ಬ್ಯಾಕ್ಟೀರಿಯಾಗಳಿಗೆ ಜಾಗ ಇಲ್ಲ. ಜೇನುತುಪ್ಪ 0.6ರ ಹತ್ತಿರ ಇದೆ. ಕಣ್ಣಿಗೆ ಅದು ದ್ರವ, ಬ್ಯಾಕ್ಟೀರಿಯಾಕ್ಕೆ ಮಾತ್ರ ಮರುಭೂಮಿ.

ಇದು ಗೊತ್ತಿದ್ದರೆ ಯಾವ ಬಾಟಲಿ ನೋಡಿದರೂ ಅರ್ಧ ಉತ್ತರ ನೀವೇ ಹೇಳಬಹುದು. ಹುಳಿ ಇದೆಯಾ? ಉಪ್ಪೋ ಸಕ್ಕರೆಯೋ ಕಣ್ಣಿಗೆ ಹೊಡೆಯುವಷ್ಟು ಇದೆಯಾ? ಪೂರ್ತಿ ಒಣಗಿದೆಯಾ? ಮೂರೂ ಇಲ್ಲ ಅಂದರೆ ತೆರೆದ ದಿನವೇ ಮುಗಿಸಬೇಕು.

ನಾನು ಮೇಜಿನ ಮೇಲೆ ಮೂರು ಗುಂಪು ಮಾಡಿದ್ದೇನೆ. ಮೊದಲ ಗುಂಪು, ತೆರೆದರೂ ತಲೆ ಕೆಡಿಸಿಕೊಳ್ಳದವು. ಉಪ್ಪು, ಸಕ್ಕರೆ, ಜೇನುತುಪ್ಪ, ಬಿಳಿ ವಿನೆಗರ್, ಸೋಯಾ ಸಾಸು, ಪುಡಿ ಮಾಡದ ಮಸಾಲೆ ಪದಾರ್ಥಗಳು, ಒಣ ಸಾಸಿವೆ ಪುಡಿ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ.

ಉಪ್ಪು ಕೆಡುವುದೇ ಇಲ್ಲ. ಅಯೋಡಿನ್ ಸೇರಿಸಿದ ಉಪ್ಪಾದರೆ ಆ ಅಯೋಡಿನ್ ಮಾತ್ರ ತೇವದಲ್ಲಿ, ಬಿಸಿಯಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ. ಎಷ್ಟು ಬೇಕು? ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನಕ್ಕೆ ಒಂದು ತಿಂಗಳಿಗೆ 600 ಗ್ರಾಂ ಆಯಿತು, ಅಂದರೆ ಒಂದು ಕಿಲೋ ಪ್ಯಾಕೆಟ್ಟಿನಲ್ಲಿ ಇನ್ನೂ ಮಿಗುತ್ತದೆ. ಆದರೂ ನಾನು ಮೂರು ಕಿಲೋ ಇಡುತ್ತೇನೆ, ಯಾಕಂದರೆ ತರಕಾರಿ ಉಪ್ಪಿನಲ್ಲಿ ಹಾಕಿಡಬೇಕಾಗಿ ಬಂದರೆ ಉಪ್ಪು ಕಿಲೋಗಟ್ಟಲೆ ಹೋಗುತ್ತದೆ. ಸಕ್ಕರೆಗೂ ಇಷ್ಟೇ, ಒಣಗಿದ್ದರೆ ಸಾಕು. ಇರುವೆ ನೋಡಿಕೊಳ್ಳಿ.

ಜೇನುತುಪ್ಪದ ಬಾಟಲಿ ನೋಡಿ. ಅಡಿಯಿಂದ ಮುಕ್ಕಾಲು ಭಾಗ ಹರಳುಗಟ್ಟಿ ತುಪ್ಪದ ಹಾಗೆ ಬಿಳಿಚಿಕೊಂಡಿದೆ, ಮೇಲೆ ಎರಡು ಬೆರಳಷ್ಟು ಮಾತ್ರ ಹೊಂಬಣ್ಣ ಉಳಿದಿದೆ. ಇದನ್ನು ಕೆಟ್ಟಿದೆ ಅಂತ ಎಸೆಯುವವರಿದ್ದಾರೆ. ಕೆಟ್ಟಿಲ್ಲ. ಗ್ಲೂಕೋಸ್ ಹರಳಾಗಿದೆ ಅಷ್ಟೇ. ಉಗುರುಬೆಚ್ಚಗಿಂತ ಸ್ವಲ್ಪ ಬಿಸಿಯಾದ ನೀರಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಜೇನಿನಲ್ಲಿ ನೀರು ಶೇ. 17-18ರಷ್ಟು ಇರುತ್ತದೆ. ಒದ್ದೆ ಚಮಚ ಹಾಕಿ ಹಾಕಿ ಅದನ್ನು ಜಾಸ್ತಿ ಮಾಡಿದರೆ ಹುದುಗು ಬರುತ್ತದೆ, ಆಗ ನೊರೆ ಕಾಣುತ್ತದೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ: ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡ. ಚೂರೂ ಬೇಡ, ನಾಲಿಗೆಗೆ ಸವರುವುದೂ ಬೇಡ. ಅದರಲ್ಲಿ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅದು ಸುಮ್ನೆ ಹಾದುಹೋಗುತ್ತದೆ, ಎಳೆ ಮಗುವಿನ ಕರುಳಲ್ಲಿ ಮೊಳೆತು ವಿಷ ಮಾಡುತ್ತದೆ. ಅವಸರದ ದಿನಗಳಲ್ಲಿ ಹಾಲಿಲ್ಲ, ಸಕ್ಕರೆ ಇಲ್ಲ ಅಂತ ಯಾರೋ ಜೇನು ತಿನ್ನಿಸಿಬಿಡುವುದು ಸುಲಭ.

ವಿನೆಗರ್ ತಂದರೆ ಪಾತ್ರೆ ಒರೆಸೋಕೆ, ತರಕಾರಿ ಹಾಕಿಡೋಕೆ, ಊಟಕ್ಕೆ ಎಲ್ಲಕ್ಕೂ ಆಯಿತು. ಬಾಟಲಿಯ ಮೇಲೆ ಶೇ. 5 ಆಮ್ಲ ಅಂತ ಇರಲಿ. ಈ ಬಾಟಲಿಯ ಮುಚ್ಚಳ ನೋಡಿದಿರಾ, ಕಬ್ಬಿಣದ್ದು, ಒಳಗಡೆ ತುಕ್ಕು ಹಿಡಿದು ಚಕ್ಕೆ ಎದ್ದಿದೆ. ವಿನೆಗರ್‌ಗೇನೂ ಆಗಿಲ್ಲ, ಮುಚ್ಚಳವನ್ನು ಅದೇ ತಿಂದುಬಿಟ್ಟಿದೆ. ಪ್ಲಾಸ್ಟಿಕ್ ಮುಚ್ಚಳದ್ದು ತನ್ನಿ.

ಅಡುಗೆ ಮಾಡುವವರಿಗೆ ಇಲ್ಲೊಂದು ಗುಟ್ಟು. ಒಣ ಕಾಳು ಬೇಯಿಸುವಾಗ ವಿನೆಗರ್, ಟೊಮೇಟೊ, ಕೆಚಪ್ ಏನೇ ಹುಳಿ ಇರಲಿ, ಮೊದಲೇ ಹಾಕಬೇಡಿ. ಹುಳಿ ಸೇರಿದರೆ ಕಾಳು ಮೆತ್ತಗಾಗೋಕೆ ತುಂಬ ಹೊತ್ತು ಬೇಕು, ಒಲೆ ಉರಿಯುತ್ತಲೇ ಇರುತ್ತದೆ, ಗ್ಯಾಸ್ ಖಾಲಿ. ಕಾಳು ಬೆರಳಲ್ಲಿ ಹಿಸುಕಿದರೆ ಮುದ್ದೆಯಾಗುವ ಹಾಗಾದ ಮೇಲೆ ಹಾಕಿ. ಇಂಧನ ಎಣಿಸಿ ಇಟ್ಟುಕೊಂಡಿರುವ ದಿನ ಇದು ದೊಡ್ಡ ಉಳಿತಾಯ.

ಸೋಯಾ ಸಾಸಿನಲ್ಲಿ ಉಪ್ಪೇ ಶೇ. 15ರ ಆಸುಪಾಸು. ಫ್ರಿಜ್‌ನಲ್ಲಿಡಿ ಅಂತ ಬರೆದಿರುವುದು ರುಚಿ ಉಳಿಯಲಿ ಅಂತ, ಹೊರಗಿಟ್ಟರೆ ಬಣ್ಣ ಕಪ್ಪಾಗುತ್ತದೆ, ಪರಿಮಳ ಇಳಿಯುತ್ತದೆ, ಅಷ್ಟೇ. ಆದರೆ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ (ಉಪ್ಪಿನಲ್ಲಿರುವ ಒಂದು ಅಂಶ) ಇರುತ್ತದೆ, ಅದರ ದಿನದ ಮಿತಿ 2,000 ಮಿಲಿಗ್ರಾಂ. ಉಪ್ಪು ಬೇರೆ ಹಾಕಿ, ಮೇಲೆ ಇದನ್ನೂ ಸುರಿದರೆ ಬಾಯಾರುತ್ತದೆ. ಕುಡಿಯುವ ನೀರನ್ನು ಒಬ್ಬರಿಗೆ ದಿನಕ್ಕೆ ಇಷ್ಟು ಲೀಟರ್ ಅಂತ ಅಳೆದು ಇಟ್ಟಿರುತ್ತೀರಿ, ಈ ಬಾಟಲಿ ಆ ಲೆಕ್ಕ ಕೆಡಿಸುತ್ತದೆ. ಇದನ್ನು ಯಾರೂ ಹೇಳಲ್ಲ. ದಾಸ್ತಾನಿನಲ್ಲಿ ಉಪ್ಪಿನ ರುಚಿ ಒಂದೇ ತುಂಬಬೇಡಿ. ಹುಳಿ, ಖಾರ, ಸಿಹಿ ಇರಲಿ, ಇವು ಉಪ್ಪಿನಷ್ಟು ನೀರು ಕೇಳಲ್ಲ. ಖಾರ ಕೇಳುತ್ತದೆ ಅಂತೀರಾ? ಅದು ಉರಿ, ಬಾಯಾರಿಕೆ ಅಲ್ಲ.

ಸಾಸಿವೆ? ಹೌದು, ಥ್ಯಾಂಕ್ಸ್, ಹತ್ತು ನಿಮಿಷ ಆಯಿತು. ಎರಡೂ ಬಟ್ಟಲಿಗೆ ಒಂದೊಂದು ಚಮಚ ವಿನೆಗರ್, ಒಂದು ಚಿಟಿಕೆ ಉಪ್ಪು ಹಾಕುತ್ತೇನೆ. ಕೊನೆಗೆ ರುಚಿ ನೋಡೋಣ.

ಮಸಾಲೆ ಪದಾರ್ಥ ಇಡಿಯಾಗಿ ಇಡಿ. ಕಾಳುಮೆಣಸು, ಜೀರಿಗೆ, ಲವಂಗ, ಚಕ್ಕೆ, ಒಣಮೆಣಸಿನಕಾಯಿ. ಇಡಿಯಾಗಿದ್ದರೆ 3-4 ವರ್ಷ ಘಮ ಇರುತ್ತದೆ, ಪುಡಿ ಮಾಡಿದರೆ ಅದಕ್ಕಿಂತ ಬೇಗ ಇಳಿಯುತ್ತದೆ. ಕೆಡುವುದಲ್ಲ, ಸಪ್ಪೆಯಾಗುವುದು. ಪರಿಮಳದ ಎಣ್ಣೆ ಕಾಳಿನೊಳಗೆ ಭದ್ರವಾಗಿರುತ್ತದೆ, ಪುಡಿ ಮಾಡಿದ ಕ್ಷಣದಿಂದ ಹಾರಿಹೋಗಲು ಶುರು. ಆದರೆ ಕರೆಂಟ್ ಇಲ್ಲದಾಗ ಮಿಕ್ಸಿ ಓಡಲ್ಲ, ಅದು ನೆನಪಿರಲಿ. ಒಂದು ಸಣ್ಣ ಕುಟ್ಟಾಣಿ ಇಲ್ಲದೆ ಇಡೀ ಮೆಣಸು ಇಟ್ಟುಕೊಂಡು ಏನು ಮಾಡುತ್ತೀರಿ? ಮತ್ತೆ ಪುಡಿ ಡಬ್ಬಿಯನ್ನು ಕುದಿಯುವ ಪಾತ್ರೆಯ ಮೇಲೆ ಹಿಡಿದು ಉದುರಿಸುವುದು, ಎಲ್ಲರೂ ಮಾಡುತ್ತೇವೆ, ನಾನೂ ಮಾಡುತ್ತೇನೆ. ಹಬೆ ನೇರ ಡಬ್ಬಿಯೊಳಗೆ ಹೋಗುತ್ತದೆ. ಎರಡು ವಾರಕ್ಕೆ ಗಂಟು, ಆಮೇಲೆ ಬೂಷ್ಟು. ಅಂಗೈಗೋ ಚಮಚಕ್ಕೋ ಹಾಕಿಕೊಂಡು ಆಮೇಲೆ ಪಾತ್ರೆಗೆ ಹಾಕಿ.

ಎರಡನೇ ಗುಂಪು, ತೆರೆದ ಮೇಲೆ ಕೆಲವು ವಾರ ಹೊರಗೆ ತಾಳುವಂಥವು. ಕೆಚಪ್, ಕಲಸಿದ ಸಾಸಿವೆ, ವಿನೆಗರ್ ಹಾಕಿದ ಖಾರದ ಸಾಸು, ವಿನೆಗರ್‌ನಲ್ಲಿ ಹಾಕಿದ ತರಕಾರಿ. ಹುಳಿ ಇವುಗಳನ್ನು ಕಾಯುತ್ತದೆ. ತೆರೆದ ಕೆಚಪ್ಪಿಗೆ ಹೊರಗೆ ಒಂದು ತಿಂಗಳು ಅನ್ನುತ್ತದೆ ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಈ ಬಾಟಲಿಯ ಕತ್ತಿನ ಸುತ್ತ ಕಂದು ಉಂಗುರ ಕಾಣುತ್ತಿದೆಯಲ್ಲ, ಅದು ಗಾಳಿ ತಾಗಿ ಒಣಗಿದ್ದು, ಬೂಷ್ಟು ಅಲ್ಲ. ಬೂಷ್ಟು ಬಂದರೆ ಮುಚ್ಚಳದ ಸಂದಿಯಲ್ಲೇ ಮೊದಲು ಬರುತ್ತದೆ, ಅಲ್ಲಿ ನೋಡಿ. ಖಾರದ ಸಾಸಿನಲ್ಲಿ ಪದಾರ್ಥದ ಪಟ್ಟಿ ಓದಿ. ಮೊದಲ ಮೂರರಲ್ಲಿ ವಿನೆಗರ್ ಇದ್ದರೆ ಈ ಗುಂಪು. ಹಣ್ಣು, ಕ್ಯಾರೆಟ್ ಅಂತ ತುಂಬಿ ವಿನೆಗರ್ ಎಲ್ಲೋ ಕೊನೆಯಲ್ಲಿದ್ದರೆ ನನಗೆ ನಂಬಿಕೆ ಇಲ್ಲ.

ಶೇಂಗಾ ಬೆಣ್ಣೆ ಸಾಸು ಅಲ್ಲ, ಆದರೂ ಇಲ್ಲಿ ಸೇರಿಸುತ್ತೇನೆ. ನೀರೇ ಇಲ್ಲದ ವಸ್ತು, ತೆರೆದ ಮೇಲೂ ಎರಡು-ಮೂರು ತಿಂಗಳು ಹೊರಗೆ ಇರುತ್ತದೆ. ಸ್ವಲ್ಪ ಸೋಯಾ ಸಾಸು, ಸ್ವಲ್ಪ ವಿನೆಗರ್, ಮೆಣಸಿನ ಪುಡಿ, ಬಿಸಿನೀರು ಹಾಕಿ ಕದಡಿದರೆ ಬೆಂದ ಪಾಸ್ತಾಕ್ಕೆ ಒಳ್ಳೇ ಜೊತೆ. ಮೇಲೆ ಎಣ್ಣೆ ತೇಲುವ ಬಗೆಯದ್ದು ಬೇಗ ಕಮಟು ಹಿಡಿಯುತ್ತದೆ, ಹಾಗಾಗಿ ದಾಸ್ತಾನಿಗೆ ಅದು ಬೇಡ. ನೆಲಗಡಲೆ ಒಗ್ಗದವರು ಮನೆಯಲ್ಲಿದ್ದರೆ ಈ ಪ್ಯಾರಾ ಮರೆತುಬಿಡಿ.

ಮೂರನೇ ಗುಂಪು, ಒಂದೇ ಹೊತ್ತಿನವು. ಮಯೋನೀಸ್, ಕೆನೆ ಹಾಕಿದ ಸಲಾಡ್ ಡ್ರೆಸಿಂಗ್, ಆಯ್ಸ್ಟರ್ ಸಾಸು, ಪಾಸ್ತಾ ಸಾಸು, ಟೊಮೇಟೊ ಪೇಸ್ಟು. ತೆರೆದ ಮಯೋನೀಸ್ 10 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗೆ 8 ಗಂಟೆಗಿಂತ ಜಾಸ್ತಿ ಇದ್ದರೆ ಎಸೆಯಿರಿ ಅಂತಲೇ ನಿಯಮ. ಕರೆಂಟ್ ಹೋದ ಮೇಲೆ ಬಾಗಿಲು ತೆಗೆಯದೆ ಇಟ್ಟ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ, ಅಷ್ಟೇ. ಹಾಗಂತ ಇವನ್ನು ಇಡಲೇಬಾರದು ಅಂತಲ್ಲ. ಊಟಕ್ಕೊಂದು ಖಾಲಿಯಾಗುವ ಅಳತೆಯದ್ದು ಇಡಿ. ಇಲ್ಲಿ ಪುಟ್ಟ ಪೊಟ್ಟಣವೇ ರಾಜ. ದೊಡ್ಡ ಬಾಟಲಿಗಿಂತ ಗ್ರಾಂ ಲೆಕ್ಕದಲ್ಲಿ ದುಬಾರಿ ಬೀಳುತ್ತದೆ, ಬೀಳಲಿ. ಅರ್ಧ ಬಾಟಲಿ ಎಸೆಯುವವನಿಗೆ ಅಗ್ಗ ಯಾವುದು?

ಪೊಟ್ಟಣಕ್ಕೂ ಒಂದು ದೋಷ ಇದೆ. ಹಾಳೆ ತೆಳು, ಗಾಳಿ ನಿಧಾನವಾಗಿ ನುಸುಳುತ್ತದೆ, ಮುಚ್ಚಿದ ಗಾಜಿನ ಬಾಟಲಿಯಷ್ಟು ಕಾಲ ಬರಲ್ಲ. ತಯಾರಾದ ತಾರೀಖು ಎಷ್ಟೋ ಸಲ ದೊಡ್ಡ ಪೆಟ್ಟಿಗೆ ಮೇಲೆ ಮಾತ್ರ ಇರುತ್ತದೆ, ಪೊಟ್ಟಣದ ಮೇಲೆ ಇರಲ್ಲ. ತಂದ ದಿನ ಬರೆದ ಚೀಟಿ ಜೊತೆ ಒಂದು ತಗಡಿನ ಡಬ್ಬಿಗೆ ಹಾಕಿಡಿ. ತಗಡು ಯಾಕಂದರೆ ಇಲಿ. ಪ್ಲಾಸ್ಟಿಕ್ ಡಬ್ಬಿಯ ಮೂಲೆ ಕೊರೆದು ಪೊಟ್ಟಣಗಳನ್ನು ಒಂದೊಂದಾಗಿ ಹೀರಿಕೊಂಡು ಹೋದ ಇಲಿಯ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ, ಸಾಸಿವೆ ಪೊಟ್ಟಣ ಮಾತ್ರ ಮುಟ್ಟಿರಲಿಲ್ಲ.

ಎಣ್ಣೆ ಈ ಮೂರೂ ಗುಂಪಿಗೆ ಸೇರಲ್ಲ. ಅದು ಕೆಡುವುದು ಗಾಳಿ, ಬೆಳಕು, ಬಿಸಿಯಿಂದ, ಮುಚ್ಚಿದ್ದರೂ ನಿಧಾನವಾಗಿ ಕೆಡುತ್ತದೆ. ಕಮಟು ವಾಸನೆ ಗೊತ್ತಲ್ಲ, ಹಳೇ ಬಣ್ಣದ ಡಬ್ಬಿ ತೆಗೆದ ಹಾಗೆ. ಒಂದು ವರ್ಷಕ್ಕಾಗುವಷ್ಟು ಮಾತ್ರ ಇಟ್ಟು, ಬಳಸಿ, ಹೊಸದು ತನ್ನಿ.

ಎಣ್ಣೆ ವಿಷಯ ಬಂತಲ್ಲ, ಒಂದು ಗಂಭೀರ ಮಾತು. ಮನೆಯಲ್ಲೇ ಹಸಿ ಬೆಳ್ಳುಳ್ಳಿ ಹೆಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿ ಇಡಬೇಡಿ. ನೋಡೋಕೆ ಚೆಂದ, ಘಮ ಇನ್ನೂ ಚೆಂದ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ರೆಸ್ಟೋರೆಂಟಿನಲ್ಲಿ ಎಣ್ಣೆಯಲ್ಲಿ ಹಾಕಿದ ಬೆಳ್ಳುಳ್ಳಿಯನ್ನು ಫ್ರಿಜ್‌ನಲ್ಲಿಡದೆ ಹೊರಗಿಟ್ಟು ಬಳಸಿ 36 ಜನಕ್ಕೆ ಬೊಟುಲಿಸಂ ಆಯಿತು. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವುದು, ಮಣ್ಣಿನ ಬೀಜಾಣು ಅದಕ್ಕೆ ಅಂಟಿರುತ್ತದೆ. ಹುಳಿ ಇಲ್ಲ, ನೀರಿನ ಪಸೆ ಇದೆ, ಎಣ್ಣೆ ಗಾಳಿಯನ್ನು ತಡೆಯುತ್ತದೆ. ಬೊಟುಲಿಸಂ ಬ್ಯಾಕ್ಟೀರಿಯಾ ಗಾಳಿ ಇಲ್ಲದ ಕಡೆಯೇ ಬೆಳೆಯುವುದು. ಎಣ್ಣೆ ಮುಚ್ಚಿದರೆ ಕೆಡಲ್ಲ ಅಂತ ನಾವು ನಂಬಿರುತ್ತೇವೆ, ಇಲ್ಲಿ ಆ ಮುಚ್ಚಿದ ಎಣ್ಣೆಯೇ ಅದಕ್ಕೆ ಮನೆ ಕಟ್ಟಿಕೊಟ್ಟಿತು. ಬೆಳ್ಳುಳ್ಳಿ ರುಚಿ ಬೇಕಾದರೆ ಪುಡಿ ಇಡಿ, ಊಟದ ಹೊತ್ತಿಗೆ ಎಣ್ಣೆಯಲ್ಲಿ ಕಲಸಿ, ಅಲ್ಲೇ ಮುಗಿಸಿ.

ಇಡುವ ಜಾಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಒಲೆಯ ಮೇಲಿನ ಕಪಾಟು ಎಲ್ಲರಿಗೂ ಕೈಗೆ ಸಿಗುತ್ತದೆ, ಇದಕ್ಕೆ ಅದೇ ಅತಿ ಕೆಟ್ಟ ಜಾಗ. ತಂಪು, ಕತ್ತಲು, ಒಣ ಜಾಗ ಬೇಕು, 10ರಿಂದ 21 ಡಿಗ್ರಿ ಸಿಕ್ಕಿದರೆ ಒಳ್ಳೆಯದು. ಗಾಜು ಕೆಳಗಿನ ಹಲಗೆಯಲ್ಲಿ, ನಡುವೆ ಬಟ್ಟೆ ಸಿಕ್ಕಿಸಿ. ತಾರೀಖನ್ನು ಮುಚ್ಚಳದ ಮೇಲೆ ಬರೆಯಬೇಡಿ, ಬಾಟಲಿಯ ಮೈ ಮೇಲೆ ಬರೆಯಿರಿ. ಮುಚ್ಚಳಗಳು ಅದಲುಬದಲಾಗುತ್ತವೆ, ನನ್ನ ಮನೆಯಲ್ಲಿ ಎರಡು ವರ್ಷ ಹಳೆಯ ಸಾಸು ಹೊಸ ಮುಚ್ಚಳ ಹಾಕಿಕೊಂಡು ಮೆರೆಯುತ್ತಿತ್ತು. ಅಗಲ ಬಾಯಿನ ಭರಣಿಗಿಂತ ಹಿಂಡುವ ಬಾಟಲಿ ಮೇಲು, ಯಾಕಂದರೆ ಅದಕ್ಕೆ ಚಮಚ ಬೇಡ. ನೀರಿಲ್ಲದ ದಿನ ಚಮಚ ತೊಳೆಯುವವರು ಯಾರು? ಎಂಜಲು ಚಮಚ ಒಂದು ಸಲ ಒಳಗೆ ಹೋದರೆ ಇಷ್ಟು ಹೊತ್ತು ಹೇಳಿದ ಲೆಕ್ಕವೆಲ್ಲ ತಲೆಕೆಳಗು. ಕೈಯಿಂದ ತಿರುಗಿಸುವ ಡಬ್ಬಿ ತೆಗೆಯುವ ಸಲಕರಣೆ ಇದೆಯಾ ಅಂತಲೂ ನೋಡಿಕೊಳ್ಳಿ.

ಎಷ್ಟು ಇಡಬೇಕು ಅಂತ ನನ್ನನ್ನು ಕೇಳಬೇಡಿ, ನಿಮ್ಮ ಮನೆಯನ್ನು ಕೇಳಿ. ನಾಳೆ ತೆರೆಯುವ ಪ್ರತಿ ಬಾಟಲಿಯ ಮೇಲೆ ತೆರೆದ ದಿನ ಬರೆಯಿರಿ, ಖಾಲಿಯಾದ ದಿನ ಒಂದು ಹಾಳೆಯಲ್ಲಿ ಗುರುತು ಮಾಡಿ. ಎರಡು ತಿಂಗಳಲ್ಲಿ ನಿಮ್ಮ ಲೆಕ್ಕ ನಿಮ್ಮ ಕೈಯಲ್ಲಿ. ನಮ್ಮ ಮನೆಯಲ್ಲಿ ಕೆಚಪ್ ಅಂದುಕೊಂಡದ್ದರ ಮೂರು ಪಟ್ಟು ಹೋಗುತ್ತಿತ್ತು, ಖಾರದ ಸಾಸನ್ನು ನಾನೊಬ್ಬನೇ ತಿನ್ನುತ್ತಿದ್ದೆ. ಆದರೆ ನಾನು ಆರು ಬಾಟಲಿ ಖಾರದ ಸಾಸು ಕೂಡಿಟ್ಟಿದ್ದೆ!

ಕಡೆಗೆ ಕೆಲವರು ಪ್ರಶ್ನೆ ಕೇಳಿದರು, ಎರಡನ್ನು ಮಾತ್ರ ಬರೆಯುತ್ತೇನೆ. ತಾರೀಖು ದಾಟಿದರೆ ಎಸೆಯಬೇಕಾ ಅಂತ ಒಬ್ಬರು ಅಮ್ಮ ಕೇಳಿದರು. "ಈ ದಿನದೊಳಗೆ ಉತ್ತಮ" ಅಂತಿದ್ದರೆ ಅದು ರುಚಿಯ ಮಾತು ಅಮ್ಮ, ಮುಚ್ಚಿದ ಬಾಟಲಿ ಸರಿಯಾಗಿದ್ದರೆ ಆ ರಾತ್ರಿ ಹನ್ನೆರಡಕ್ಕೆ ಅದು ವಿಷ ಆಗಲ್ಲ. ಆದರೆ ಡಬ್ಬಿ ಉಬ್ಬಿದ್ದರೆ, ಸೋರಿದ್ದರೆ, ತೆರೆದಾಗ ಬುಸ್ ಅಂತ ಚಿಮ್ಮಿದರೆ ತಾರೀಖು ಏನೇ ಇರಲಿ ಎಸೆಯಿರಿ. ಕೆಟ್ಟಿದೆಯಾ ಅಂತ ನಾಲಿಗೆ ತುದಿಯಲ್ಲಿ ನೋಡುವ ಅಭ್ಯಾಸ ಬಿಡಿ, ಬೊಟುಲಿಸಂ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಇನ್ನೊಬ್ಬರು ಹಿರಿಯರು, ಬಿಪಿ ಇರುವವರು, ಸೋಡಿಯಂ ಬದಲು ಪೊಟ್ಯಾಷಿಯಂ ಇರುವ ಉಪ್ಪು ಕೂಡಿಡಬಹುದಾ ಅಂದರು. ಮೂತ್ರಪಿಂಡದ ತೊಂದರೆ ಇದ್ದರೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ಅಪಾಯ ಸರ್, ಡಾಕ್ಟರನ್ನು ಕೇಳದೆ ಬೇಡ. ನಿಮ್ಮಂಥವರಿಗೆ ವಿನೆಗರ್, ಕಾಳುಮೆಣಸು, ಒಣ ಸಾಸಿವೆ ಒಳ್ಳೇ ಸ್ನೇಹಿತರು.

ಹಾಂ, ಸಾಸಿವೆ. ಎರಡೂ ಬಟ್ಟಲು ಕೈಯಿಂದ ಕೈಗೆ ಕಳಿಸಿದೆ. ಬಿಸಿನೀರಿನದ್ದು ಬರೀ ಕಹಿ, ಸಪ್ಪೆ. ತಣ್ಣೀರಿನದ್ದು ಬೇರೆಯೇ. ಒಣ ಪುಡಿಯಲ್ಲಿ ಘಾಟು ಇರಲ್ಲ, ಘಾಟಿಗೆ ಬೇಕಾದ ಎರಡು ಸಾಮಾನು ಬೇರೆ ಬೇರೆಯಾಗಿ ಕೂತಿರುತ್ತವೆ. ನೀರು ತಾಗಿದಾಗ ಅದರಲ್ಲಿರುವ ಕಿಣ್ವ (ಎನ್‌ಜೈಮ್) ಎಚ್ಚೆತ್ತು ಘಾಟು ತಯಾರಿಸುತ್ತದೆ. ಕುದಿಯುವ ನೀರು ಆ ಕಿಣ್ವವನ್ನೇ ಕೊಲ್ಲುತ್ತದೆ. ಹತ್ತು ನಿಮಿಷದ ಮೇಲೆ ಹಾಕಿದ ವಿನೆಗರ್, ಬಂದ ಘಾಟನ್ನು ಹಾರಿಹೋಗದಂತೆ ಹಿಡಿದಿಡುತ್ತದೆ. ಅದಕ್ಕೇ ಮುಚ್ಚಿದ ಡಬ್ಬಿಯಲ್ಲಿ ಪುಡಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ, ಬೇಕಾದ ದಿನ ಬೇಕಾದಷ್ಟೇ ಕಲಸಿಕೊಂಡರೆ ಆಯಿತು. ಇದನ್ನು ನಾನು ಹೇಳಿ ಮುಗಿಸುವುದರೊಳಗೆ ಹಿಂದಿನ ಸಾಲಿನ ಹುಡುಗನೊಬ್ಬ ಎಡಗಡೆ ಬಟ್ಟಲಿನಿಂದ ಚಮಚ ತುಂಬ ಬಾಯಿಗೆ ಹಾಕಿಕೊಂಡಿದ್ದ. ಮೂಗು ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತಾ, ಅನ್ನ ಇದೆಯಾ ಅಂತ ಕೇಳಿದ.